ನಮ್ಮ ಸೊಪ್ಪು ಆಗಿಬರಲ್ಲ

ಗೋದಾಬಾಯಿ ಕಾಮಾಲೆಗೆ ಸೊಪ್ಪು ಕೊಡುತ್ತಿದ್ದದ್ದು ಭಾನುವಾರ ಮತ್ತು ಗುರುವಾರ, ಬೆಳಗಿನ ಹೊತ್ತು, ಚಾಮರಾಜಪೇಟೆಯ ಮನೆಯ ಜಗಲಿಯ ಮೇಲೆ. ರೋಗಿ ಬರುವಂತಿರಲಿಲ್ಲ. ಅವನ ಮನೆಯವರು ಒಬ್ಬರು ಚೊಂಬಿನಲ್ಲಿ ಕಾಯಿಸದ ಹಸುವಿನ ಹಾಲು ಹಿಡಿದು ಬಂದು ಮೆಟ್ಟಿಲ ಕೆಳಗೆ ನಿಲ್ಲಬೇಕು. ಗೋದಾಬಾಯಿ ಮೇಲೆ ಕೂತು ಅವರನ್ನು ಮಾತಾಡಿಸುವರು. ಹಗಲು ಮಲಗುತ್ತಾರಾ, ರಾತ್ರಿ ಎದ್ದಿರುತ್ತಾರಾ, ಬಾಯಿಯ ವಾಸನೆ ಹೇಗಿದೆ, ಮಾತು ನೆಟ್ಟಗಿದೆಯಾ. ಕೇಳುತ್ತಲೇ ಬಂದವರು ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದ್ದಾರೆ, ತಲೆ ಬಾಚಿದ್ದಾರೋ ಇಲ್ಲವೋ, ಆ ಹೊತ್ತಿಗೆ ಕಾಗೆ ಕೂಗಿತೋ ಎಂಬುದನ್ನೂ ಗಮನಿಸುವರು. ಎಲ್ಲ ಸರಿಕಂಡರೆ ಒಳಗೆ ಹೋಗಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಸೊಪ್ಪನ್ನು ಅರೆದು ಹಾಲಿಗೆ ಕಲಸಿ ಕೊಡುವರು. ದುಡ್ಡು ಮುಟ್ಟುವಂತಿಲ್ಲ. ಗಿಡದ ಹೆಸರು ಬಾಯಲ್ಲಿ ಆಡುವಂತಿಲ್ಲ. ಆಡಿದರೆ ಅದರ ಗುಣ ಹೋಗುತ್ತದೆ. ಅವರ ಅತ್ತೆ ಅವರಿಗೆ ಹಾಗೆಂದು ಹೇಳಿಕೊಟ್ಟಿದ್ದರು.

ಸರಿಕಾಣದಿದ್ದರೆ ಒಂದೇ ಮಾತು: "ನಮ್ಮ ಸೊಪ್ಪು ಆಗಿಬರಲ್ಲ, ಕರ್ಕೊಂಡು ಹೋಗಿ ಡಾಕ್ಟರಿಗೆ ತೋರಿಸಿ." ಆ ಮಾತು ಕೇಳಿಸಿಕೊಂಡವರ ಮನೆಯಲ್ಲಿ ಹೆಣ ಬೀಳುತ್ತದೆ ಎಂದು ಚಾಮರಾಜಪೇಟೆಯಿಂದ ಗವಿಪುರದವರೆಗೂ ಜನ ನಂಬಿದ್ದರು. ಎಷ್ಟೋ ಸಲ ಬಿದ್ದೂ ಇತ್ತು.

ಸೊಸೆ ಮೈತ್ರೇಯಿ ಮಲ್ಲೇಶ್ವರಂನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಮದುವೆಯಾಗಿ ಬಂದ ಹೊಸದರಲ್ಲೇ, ಹಿತ್ತಿಲ ಆಚೆಯ ಕಸದ ಸಂದಿಯಲ್ಲಿ ಅತ್ತೆ ಬಗ್ಗಿ, ಗಿಡದ ಬುಡಕ್ಕೆ ನಾಲ್ಕು ಅಕ್ಕಿಕಾಳು ಹಾಕಿ ಕೈಮುಗಿದು ಕೀಳುವುದನ್ನು ಕಂಡಿದ್ದಳು. ಗೇಣುದ್ದದ ಗಿಡ, ಹುಣಸೆ ಎಲೆಯಂಥ ಎಲೆ, ಕಡ್ಡಿಯ ಅಡಿಯಲ್ಲಿ ಸಾಲಾಗಿ ಹಸಿರು ಮಣಿಗಳು. ನೆಲನೆಲ್ಲಿ. ಮೊದಲ ವರ್ಷದ ಬಿಎಸ್ಸಿ ಹುಡುಗಿಯೂ ಗುರುತಿಸುತ್ತಾಳೆ. ಆದರೆ ಆ ಮನೆಯಲ್ಲಿ ಅವಳು ಒಮ್ಮೆಯೂ ಆ ಹೆಸರು ಎತ್ತಲಿಲ್ಲ. ಅವಳಿಗೆ ಗೊತ್ತಿದೆ ಎಂದು ಅತ್ತೆಗೂ ಗೊತ್ತಿತ್ತು. ಇಬ್ಬರೂ ಅದನ್ನು 'ಆ ಸೊಪ್ಪು' ಎನ್ನುತ್ತ ಒಂದೇ ಅಡುಗೆಮನೆಯಲ್ಲಿ ಹತ್ತಾರು ವರ್ಷ ಕಳೆದಿದ್ದರು.

ಎಂ.ಫಿಲ್.ಗೆ ಅವಳು ಆರಿಸಿಕೊಂಡದ್ದೂ ಅದೇ ಗಿಡವನ್ನು. ಮಗಳು ಆರಾಧನಾ ಆಗ ಕೈಗೂಸು. ಬೆಳಿಗ್ಗೆ ಇಬ್ಬರ ಡಬ್ಬಿ ಕಟ್ಟಿ, ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ, ಮಾರ್ಕೆಟ್ಟಿನಲ್ಲಿ ಬಸ್ ಬದಲಿಸಿ ಹೋಗಿ ಇಲಿಗಳ ಪಂಜರದ ಮುಂದೆ ನಿಲ್ಲುತ್ತಿದ್ದಳು. ಇಲಿಗಳ ಪಿತ್ತಜನಕಾಂಗವನ್ನು ಒಂದು ರಾಸಾಯನಿಕದಿಂದ ಕೆಡಿಸಬೇಕು. ಸೊಪ್ಪಿನ ರಸ ಕುಡಿದ ಇಲಿ ಎಷ್ಟು ತಡೆದುಕೊಳ್ಳುತ್ತದೆ ಎಂದು ನೋಡಬೇಕು. ಚೆನ್ನಾಗಿಯೇ ತಡೆದುಕೊಂಡವು. ಪ್ರಬಂಧದಲ್ಲಿ ಜನ ಈ ಗಿಡವನ್ನು ಹೇಗೆ ಬಳಸುತ್ತಾರೆ ಎಂಬ ಪುಟವೂ ಒಂದಿತ್ತು. ಅತ್ತೆ ಕೆಲವರಿಗೆ ಬೇಡವೆನ್ನುವುದನ್ನು ಅಲ್ಲಿ 'ಕೆಲವು ಆಚರಣೆಗಳೂ ನಿಷೇಧಗಳೂ ಇವೆ' ಎಂಬ ಸಾಲಿನಲ್ಲಿ ಮುಗಿಸಿದ್ದಳು.

ಬರೆಯುವ ಮುಂಚೆ ಕೇಳಿದ್ದಳು ಮಾತ್ರ.

"ಅತ್ತೆ, ಬೇಡ ಅಂತೀರಲ್ಲ, ಏನು ನೋಡಿ ಅಂತೀರಿ?"

"ಏನು ನೋಡಿ ಅಂದ್ರೆ? ಎಲ್ಲಾ ನೋಡಿ."

"ಅಂದ್ರೆ ಕಾಗೆ ಕೂಗಿದ್ರೂ ಬೇಡ ಅಂತೀರಾ?"

"ಬೇಡ ಅನ್ಸತ್ತೆ, ಅಂತೀನಿ. ನೀನು ಸಾರಿಗೆ ಉಪ್ಪು ಅಳೆದು ಹಾಕ್ತೀಯಾ?"

ಅವಳ ಸಹೋದ್ಯೋಗಿಯೊಬ್ಬಳ ತಮ್ಮನಿಗೆ ಅತ್ತೆ ಬೇಡವೆಂದಿದ್ದರು, ಕೇಳಲು ಬಂದವನ ಕೈಯಲ್ಲಿ ಎಣ್ಣೆಯ ಬಾಟಲಿ ಇತ್ತೆಂದು. ಆ ಹುಡುಗ ಏನೂ ಆಗದೆ ಎದ್ದು ಓಡಾಡಿದ. ಇದೆಲ್ಲ ಮೂಢನಂಬಿಕೆ ಎನ್ನಲು ಮೈತ್ರೇಯಿಗೆ ಅಷ್ಟು ಸಾಕಾಗಿತ್ತು.

ಆಮೇಲೆ ಪಿಳ್ಳಮ್ಮನ ವಿಷಯ. ಗುಟ್ಟಹಳ್ಳಿ ಕಡೆ ಒಂದು ಕಾಲಕ್ಕೆ ಹೊಲವಿದ್ದ, ಈಗ ಬಾಡಿಗೆ ಮನೆಗಳಿರುವ ಕುಟುಂಬ. ಗಂಡ ದೊಡ್ಡಬೈರಪ್ಪನಿಗೆ ಕಾಮಾಲೆಯಾದಾಗ ಚೊಂಬು ಹಿಡಿದು ಬಂದಿದ್ದಳು.

"ಹಗಲು ಮಲಗ್ತಾರೇನೇ?" ಗೋದಾಬಾಯಿ ಕೇಳಿದರು.

"ಎಲ್ಲಿ ಮಲಗ್ತಾರೆ ಗೋದಮ್ಮಾರೇ! ಹಗಲೆಲ್ಲ ಕುಂತ್ಕಂಡು ನನ್ನ ಬೈಯದೇ ಕೆಲ್ಸ."

"ರಾತ್ರಿ?"

"ರಾತ್ರಿ ಅಂದ್ರೆ ಗೊರಕೆ. ಪಕ್ಕದ ಮನೆಯೋರು ಗ್ವಾಡೆ ಕುಟ್ತಾರೆ."

"ಬೈಗಳ ನೆಟ್ಟಗಿದ್ಯಾ, ತೊದಲುತ್ತಾ?"

"ಭೋ ಸಂದಾಕದೆ. ನಮ್ಮಪ್ಪನ್ನೂ ಸೇರ್ಸಿ ಬೈತಾರೆ."

ಗೋದಾಬಾಯಿ ನಗುತ್ತಲೇ ಒಳಗೆ ಹೋಗಿ ಸೊಪ್ಪು ಅರೆದುಕೊಟ್ಟರು. ದೊಡ್ಡಬೈರಪ್ಪ ಎದ್ದ. ಅವರೆಕಾಯಿ ಕಾಲಕ್ಕೆ ಪಿಳ್ಳಮ್ಮ ಒಂದು ಚೀಲ ಕಾಯಿ ಹೊತ್ತು ಬಂದಳು. ದುಡ್ಡು ಮುಟ್ಟದವರಿಗೆ ಕಾಯಿಯನ್ನಾದರೂ ಕೊಡಬಹುದಲ್ಲ. ಗೇಟಿನ ಬಳಿ ಮೈತ್ರೇಯಿ ಸಿಕ್ಕಿದಳು.

"ನಿಮ್ಮತ್ತೆಗೆ ಹೇಳ್ಬೇಡ ಕಣವ್ವ. ಅವತ್ತು ಪೂರಾ ಸುಳ್ಳೇ ಹೇಳ್ದೆ. ಹಗಲು ಹೊತ್ತು ಹೆಣದಂಗೆ ಬಿದ್ದಿರೋರು. ರಾತ್ರಿ ಎದ್ದು ಎಂದೋ ಮಾರಿದ್ ಎತ್ಗಳ್ನ ಹೆಸ್ರಿಡಿದು ಕೂಗೋರು. ದಿಟ ಹೇಳಿದ್ರೆ 'ಆಗ್ಬರಲ್ಲ' ಅಂದ್ಬುಡೋರು. ಅಂದ್ಮ್ಯಾಕೆ ಮುಗೀತಲ್ಲ."

"ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ?"

"ಏನಾಯ್ತು? ಈಗ ಎದ್ದು ಇನ್ನೂ ಜಾಸ್ತಿ ಬೈತಾವ್ರೆ."

ಮೈತ್ರೇಯಿ ಅತ್ತೆಗೆ ಹೇಳಿಬಿಟ್ಟಳು, ಅದೇ ದಿನ, ಅವರೆಕಾಯಿ ಬಿಡಿಸುತ್ತ. ಹೇಳುವಾಗ ಅವಳ ದನಿಯಲ್ಲಿ ಗೆದ್ದವರ ಸಡಗರವಿತ್ತು. ಗೋದಾಬಾಯಿಯ ಕೈ ನಿಂತಿತು.

"ಹಾಗಾದ್ರೆ ನಾನು ಬೇಡ ಅಂದೋರೆಲ್ಲ..." ಎಂದರು.

ಆ ಮುಖವನ್ನು ನೋಡಲಾರದೆ ಮೈತ್ರೇಯಿ ಸಮಾಧಾನಕ್ಕೆ ಇಲಿಗಳ ಕಥೆ ತೆಗೆದಳು. "ನಿಮ್ಮ ಸೊಪ್ಪಲ್ಲಿ ನಿಜವಾಗಲೂ ಗುಣ ಇದೆ ಅತ್ತೆ. ನಾನೇ ಮಾಡಿ ನೋಡಿದೀನಿ. ಇಲಿಗಳೆಲ್ಲ ಉಳಿದ್ವು. ಕಾಗೆ ಕೂಗಿದ್ರೂ ಉಳಿದ್ವು, ಕೂಗದಿದ್ರೂ ಉಳಿದ್ವು. ಎಲ್ಲರಿಗೂ ಕೊಡಿ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಇಲಿಗಳಿಗೆ ಮೊದಲು ಸೊಪ್ಪು ಕುಡಿಸಿ, ಆಮೇಲೆ ವಿಷ ಹಾಕಿದ್ದರು. ವಿಷ ಏರಿದ ಮೇಲೆ ಸೊಪ್ಪು ಕುಡಿಸಿದರೆ ಏನಾಗುತ್ತದೆಂದು ಅವಳು ನೋಡಿರಲಿಲ್ಲ. ಅದಕ್ಕೆ ಬೇರೆ ಇಲಿಗಳು ಬೇಕು, ಇನ್ನೊಂದು ವರ್ಷ ಬೇಕು, ಮನೆಯಲ್ಲಿ ಕೂಸು. ಜಗಲಿಗೆ ಬರುವವರು ಯಾರೂ ಕಾಯಿಲೆಗೆ ಮುಂಚೆ ಬರುವುದಿಲ್ಲ ಎಂಬುದು ಅವಳಿಗೆ ಹೊಳೆಯದ ಮಾತೇನಲ್ಲ. ಅವರೆಕಾಯಿಯ ಮುಂದೆ ಕೂತ ಅತ್ತೆಗೆ ಇದನ್ನೆಲ್ಲ ಬಿಡಿಸಿ ಹೇಳುವುದು ಆಗ ಅನಗತ್ಯವೆನಿಸಿತು.

ತೊಂಬತ್ತೇಳರ ಮಳೆಗಾಲದಲ್ಲಿ ನಲ್ಲಿಯಲ್ಲಿ ಕೆಂಪು ನೀರು ಬಂತು. ಗಂಡ ವಾದಿರಾಜ ಮೆಜೆಸ್ಟಿಕ್ ಹತ್ತಿರದ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ಊಟದ ಹೊತ್ತಿಗೆ ಡಬ್ಬಿ ಬಿಚ್ಚಿದರೂ ನೀರು ಹೊರಗಿನದೇ ಕುಡಿಯುವವನು. ಜ್ವರ ಬಂತು, ಬಿಟ್ಟಿತು, ಅನ್ನ ಕಂಡರೆ ಓಕರಿಕೆ ಶುರುವಾಯಿತು. ಒಂದು ಶನಿವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನ ಕಣ್ಣು ನೋಡಿ ಆರಾಧನಾ, "ಅಪ್ಪಾ, ನಿನ್ನ ಕಣ್ಣಿಗೆ ಅರಿಶಿನ ಬಿದ್ದಿದೆ" ಎಂದಳು.

ಬಸವನಗುಡಿಯಲ್ಲಿ ಅವರು ಯಾವಾಗಲೂ ತೋರಿಸುವ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. "ಈ ಸೀಸನ್ನಲ್ಲಿ ಬೀದಿಗೆ ನಾಲ್ಕು ಜನ ಇದಾರೆ. ರೆಸ್ಟು, ಗ್ಲೂಕೋಸು, ಎಣ್ಣೆ ಬೇಡ. ಇದಕ್ಕೆ ನಮ್ಮ ಹತ್ರ ಬೇರೆ ಔಷಧಿ ಇಲ್ಲಮ್ಮ. ತಾನಾಗೇ ಹೋಗತ್ತೆ. ಮುಂದಿನ ವಾರ ಬನ್ನಿ" ಎಂದರು.

ಮಾರನೆಯ ದಿನ ಭಾನುವಾರ. ಸೊಪ್ಪೇನೋ ಸಂದಿಯಲ್ಲಿ ಹುಲುಸಾಗಿತ್ತು. ಆದರೆ ಮನೆಯೊಳಗಿನ ರೋಗಿಗೆ ಹೊರಗಿಂದ ಕೇಳಲು ಬರುವವರು ಯಾರು?

"ನೀನೇ ಹಾಲು ತಗೊಂಡು ಗೇಟಿನಾಚೆ ಹೋಗಿ ಬಾ" ಎಂದರು ಗೋದಾಬಾಯಿ. "ಕೇಳದೆ ಕೊಡೋ ಹಾಗಿಲ್ಲ."

ಮೈತ್ರೇಯಿ ಚೊಂಬು ಹಿಡಿದು ತನ್ನ ಮನೆಯ ಗೇಟಿನಾಚೆ ಹೋಗಿ ತಿರುಗಿ ಬಂದು ಮೆಟ್ಟಿಲ ಕೆಳಗೆ ನಿಂತಳು. ಒಳಗಿನ ಕೋಣೆಯಿಂದ ವಾದಿರಾಜ ಕೂಗಿದ: "ಅಮ್ಮಾ, ಯಾರೋ ಭಿಕ್ಷುಕರು ಬಂದಿದಾರೆ, ನಮ್ಮನೆ ಚೊಂಬನ್ನೇ ಕದ್ದಿದಾರೆ ನೋಡು!"

"ಸುಮ್ನಿರ್ರೀ, ಅವರು ಕೇಳೋದು ಕೇಳ್ಳಿ" ಎಂದಳು. ಅತ್ತೆ ಕೇಳಿದರು, ಇವಳು ಹೇಳಿದಳು. ಹಗಲು ಎದ್ದಿರುತ್ತಾರೆ. ರಾತ್ರಿ ನಿದ್ದೆ ಬರುತ್ತದೆ. ಮಾತು ಕೇಳಿಸಿಕೊಂಡಿರಲ್ಲ. ಎಲ್ಲವೂ ನಿಜವೇ. ಸೊಪ್ಪು ಹಾಲಿಗೆ ಬಿತ್ತು.

ಮಂಗಳವಾರದಿಂದ ವಾದಿರಾಜನ ನಿದ್ದೆ ಹಗಲಿಗೆ ಜಾರಿತು. ಬುಧವಾರ ಮಧ್ಯಾಹ್ನ ಮಗಳು ಹೋಂವರ್ಕ್ ತೋರಿಸಲು ಹೋದರೆ ಬಹಳ ಹೊತ್ತು ನೋಡಿ, "ಯಾವ ಸ್ಕೂಲಮ್ಮ ನಿಂದು?" ಎಂದ. ಹುಡುಗಿ ತಮಾಷೆ ಎಂದುಕೊಂಡು ನಕ್ಕಳು. ಸಂಜೆ ಎದ್ದವನು ಶರ್ಟಿನ ಮೇಲೆ ಇನ್ನೊಂದು ಶರ್ಟು ಹಾಕಿಕೊಂಡು, ಆಫೀಸಿನ ಶೂ ತಂದು ದೇವರ ಮಂಟಪದ ಮುಂದೆ ಬಿಟ್ಟು ಬಂದ. ಗೋದಾಬಾಯಿ ಆ ಶೂಗಳನ್ನು ಎತ್ತಿ ಹೊರಗಿಟ್ಟು, ಆ ಜಾಗ ಒರೆಸಿ, ಮತ್ತೆ ಸೌಟು ಹಿಡಿದರು. ಮೈತ್ರೇಯಿ ಆ ಶರ್ಟು ಬಿಚ್ಚಿ ಮಡಿಸಿದಳು. ಬಗ್ಗಿದಾಗ ಅವನ ಉಸಿರು ಮುಖಕ್ಕೆ ತಾಗಿತು. ಅತಿಯಾಗಿ ಮಾಗಿ ಕೊಳೆತ ಹಣ್ಣಿನ ವಾಸನೆ.

ಗುರುವಾರ ಬೆಳಿಗ್ಗೆ ಮತ್ತೆ ಗೇಟಿನಾಚೆ ಹೋಗಿ ಬಂದು ನಿಂತಳು. ಕಾಲೇಜಿನಲ್ಲಿ ಪರೀಕ್ಷೆಯ ಮೇಲ್ವಿಚಾರಣೆ ಇತ್ತು. ಮಗಳ ಜಡೆ ಅರ್ಧ ಹೆಣೆದಿತ್ತು. ಜಗಲಿಯ ಮೇಲೆ ಗೋದಾಬಾಯಿ ಸೆರಗು ಹೊದ್ದು ಕೂತಿದ್ದರು.

"ಹಗಲು ಮಲಗ್ತಾನಾ?"

ಮೈತ್ರೇಯಿ ಚೊಂಬನ್ನು ಇನ್ನೊಂದು ಕೈಗೆ ಬದಲಿಸಿದಳು. ಇವರಿಗೇ ಗೊತ್ತಿದೆಯಲ್ಲ, ನಿನ್ನೆಯೆಲ್ಲ ಮನೆಯಲ್ಲಿ ಇದ್ದವರು ಇವರೇ. ಹೌದೆಂದರೆ ಅವರ ಬಾಯಿಂದ ಆ ಮಾತು ಬರುತ್ತದೆ. ಬಂದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವವರು ಯಾರೂ ಇಲ್ಲ.

"ಸುಸ್ತು. ಸ್ವಲ್ಪ ಮಲಗ್ತಾರೆ, ಅಷ್ಟೆ."

"ರಾತ್ರಿ?"

"ನಿದ್ದೆ ಮಾಡ್ತಾರೆ."

"ಮಾತು?"

"ಸರಿಯಾಗೇ ಇದೆ."

ಗೋದಾಬಾಯಿ ಅವಳನ್ನೇ ನೋಡಿದರು. ರಸ್ತೆಯಲ್ಲಿ ಹೂವಿನವಳು ಕೂಗುತ್ತ ಹೋದಳು. ಅವರು ಎದುರು ಮನೆಯ ಗೋಡೆಯನ್ನು, ತೆಂಗಿನ ಮರವನ್ನು, ವಿದ್ಯುತ್ ತಂತಿಯನ್ನು ಒಂದೊಂದಾಗಿ ನೋಡಿದರು, ಏನನ್ನೋ ಕಾಯುವವರ ಹಾಗೆ. ಆಮೇಲೆ ಕೈಚಾಚಿ ಚೊಂಬು ತೆಗೆದುಕೊಂಡು ಒಳಗೆ ಹೋದರು. ಅರೆಯುವ ಸದ್ದು ಕೇಳಿದ ಮೇಲೆ ಮೈತ್ರೇಯಿ ಒಳಗೆ ಹೋಗಿ ಮಗಳ ಜಡೆ ಹೆಣೆದು ಮುಗಿಸಿದಳು. ಬೇಡ ಎನ್ನಲಿಲ್ಲ. ಇಷ್ಟು ವರ್ಷ ಜನರನ್ನು ನೋಡಿದವರು, ಬೇಡ ಎನ್ನಲಿಲ್ಲ. ಅಂದರೆ ಏನೂ ಆಗುವುದಿಲ್ಲ. ಕಾಲೇಜಿಗೆ ಹೋಗುವ ಬಸ್ಸಿನಲ್ಲೂ ಅದೊಂದೇ ಮಾತನ್ನು ಮನಸ್ಸಿನಲ್ಲಿ ಹೇಳಿಕೊಂಡಳು. ಇಡೀ ಡಿಪಾರ್ಟ್‌ಮೆಂಟಿನ ಎದುರು ಮೂಢನಂಬಿಕೆ ಎಂದು ನಗುತ್ತಿದ್ದದ್ದನ್ನೇ ಹಿಡಿದುಕೊಂಡು ಅವಳು ಆ ದಿನ ಪರೀಕ್ಷಾ ಕೊಠಡಿಯಲ್ಲಿ ನಿಂತಿದ್ದಳು.

ಮಧ್ಯಾಹ್ನ ಕಾಲೇಜಿನ ಆಫೀಸಿನವರು ಬಂದು ಕರೆದರು, ಮನೆಯ ಪಕ್ಕದ ಅಂಗಡಿಯಿಂದ ಫೋನು. ವಾದಿರಾಜ ಏಳುತ್ತಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ವಯಸ್ಸು ಚಿಕ್ಕದಿದ್ದ ಒಬ್ಬ ಡಾಕ್ಟರು ಅವನ ರೆಪ್ಪೆ ಎತ್ತಿ ನೋಡಿ, ಕೈ ಹಿಡಿದು ನೋಡಿ, ಇಬ್ಬರು ಹೆಂಗಸರ ಕಡೆ ತಿರುಗಿದರು.

"ಯಾವಾಗಿಂದ ಹಗಲು ಮಲಗ್ತಿದಾರೆ?"

"ಮಂಗಳವಾರದಿಂದ" ಎಂದರು ಗೋದಾಬಾಯಿ ತಕ್ಷಣ.

"ಏನ್ ಕೊಟ್ರಿ? ಸೊಪ್ಪು?"

ಗೋದಾಬಾಯಿ ತಲೆಯಾಡಿಸಿದರು. ಡಾಕ್ಟರು ಮೈತ್ರೇಯಿಯ ಕಡೆ ನೋಡಿದರು.

"ಓದಿದೋರ ಥರ ಕಾಣ್ತೀರ, ಮೇಡಂ. ನೀವೂ ಸೊಪ್ಪು ಕುಡಿಸ್ಕೊಂಡು ಕೂತಿದ್ರಾ? ಲಿವರ್ ಹೋಗಿದೆ. ತಲೆಗೆ ಏರಿದೆ."

"ಮಂಗಳವಾರನೇ ಕರ್ಕೊಂಡು ಬಂದಿದ್ರೆ?" ಎಂದಳು ಮೈತ್ರೇಯಿ.

ಡಾಕ್ಟರು ಹಣೆ ಉಜ್ಜಿಕೊಂಡರು. "ಕೆಲವರು ಉಳೀತಾರೆ. ಹೇಳಕ್ಕಾಗಲ್ಲ" ಎಂದು ಇನ್ನೊಂದು ಹಾಸಿಗೆಯ ಕಡೆ ನಡೆದರು.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ವಾದಿರಾಜ ಹೋದ. ಹೆಣ ತಂದಾಗ ಮನೆಯ ಮೆಟ್ಟಿಲ ಕೆಳಗೆ ಚೊಂಬು ಹಿಡಿದ ಇಬ್ಬರು, ವಿಷಯ ಗೊತ್ತಿಲ್ಲದೆ, ಸರದಿಯಲ್ಲಿ ನಿಂತಿದ್ದರು. ಒಬ್ಬರು ಚೊಂಬನ್ನು ಕೆಳಗಿಟ್ಟು ಹೆಣ ಇಳಿಸಲು ಕೈಹಾಕಿದರು.

ವೈಕುಂಠ ಸಮಾರಾಧನೆಯ ದಿನ ಎರಡು ಪಂಕ್ತಿಯಲ್ಲಿ ಎರಡು ಮಾತು. ಮೈತ್ರೇಯಿಯ ಅಣ್ಣ ಬದರೀನಾರಾಯಣ ಹುಳಿ ಕಲಸಿಕೊಳ್ಳುತ್ತ, "ಇಪ್ಪತ್ತೊಂದನೇ ಶತಮಾನ ಬರ್ತಾ ಇದೆ, ಇನ್ನೂ ಗಿಡಮೂಲಿಕೆ. ಸೊಪ್ಪೇ ಕೊಂದಿದ್ದು" ಎಂದ. ಆಚೆ ಪಂಕ್ತಿಯಲ್ಲಿ ಗೋದಾಬಾಯಿಯ ತಂಗಿ ಸರಸ್ವತಮ್ಮ, "ಇಲ್ಲೇ ಇದ್ದಿದ್ರೆ ಉಳೀತಿದ್ದ. ಅಲ್ಲಿ ಇಂಜೆಕ್ಷನ್ ಚುಚ್ಚಿ ಚುಚ್ಚಿ ಮುಗಿಸಿದ್ರು" ಎಂದರು. ಬಡಿಸುತ್ತಿದ್ದವರು ಎರಡು ಪಂಕ್ತಿಗೂ ಒಂದೇ ಪಾಯಸ ಬಡಿಸುತ್ತ ಹೋದರು.

ನೆಂಟರೆಲ್ಲ ಹೋದ ಮಧ್ಯಾಹ್ನ, ಆರಾಧನಾ ಮತ್ತೆ ಸ್ಕೂಲಿಗೆ ಹೋದ ಮೊದಲ ದಿನ, ಗೋದಾಬಾಯಿ ಹಿತ್ತಿಲ ಬಾಗಿಲಿನಲ್ಲಿ ಕೂತಿದ್ದರು. ಮೈತ್ರೇಯಿ ತೊಳೆದ ಪಾತ್ರೆಗಳನ್ನು ಬೋರಲು ಹಾಕುತ್ತಿದ್ದಳು.

"ನಿಮ್ಮಣ್ಣ ಹೇಳಿದ್ದೇ ಸರಿಯೇನೋ" ಎಂದರು. "ಸೊಪ್ಪೇ ಕೊಂದಿದ್ದು."

"ಸೊಪ್ಪು ಕೊಂದಿಲ್ಲ ಅತ್ತೆ. ಅದಕ್ಕೆ ಕೊಲ್ಲೋ ಗುಣ ಇಲ್ಲ."

"ಮತ್ತೆ ಯಾವುದು?"

ಮೈತ್ರೇಯಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಆಸ್ಪತ್ರೆಗೆ ಒಯ್ಯದೆ ಕಳೆದ ಮೂರು ದಿನ ಎಂದು ಹೇಳಬೇಕಿತ್ತು. ಆ ಮೂರು ದಿನ ಯಾರವು ಎಂದೂ ಹೇಳಬೇಕಾಗುತ್ತಿತ್ತು.

"ನಾನು ಮೆಟ್ಟಿಲ ಕೆಳಗೆ ನಿಂತು ಸುಳ್ಳು ಹೇಳಿದೆ."

"ಗೊತ್ತಿತ್ತು. ನಾನೇನು ಕುರುಡಿಯಾ? ಶೂ ಎತ್ತಿಟ್ಟಿದ್ದು ಯಾರು?"

"ಮತ್ತೆ ಯಾಕೆ ಕೊಟ್ರಿ?"

"ನೀನು ಹೇಳಿದ್ಯಲ್ಲ, ಇಲಿಗಳೆಲ್ಲ ಉಳಿದ್ವು ಅಂತ. ಪಿಳ್ಳಮ್ಮನ ಗಂಡನೂ ಉಳಿದ. ಓದಿದೋಳು ಎದುರಿಗೆ ನಿಂತು ಕೊಡಿ ಅಂತ ಚೊಂಬು ಹಿಡಿದಿದಾಳೆ, ನನಗೇನು ಗೊತ್ತು ಅಂದ್ಕೊಂಡೆ."

ಮೈತ್ರೇಯಿ ಇಲಿಗಳ ಕಥೆಯ ಉಳಿದರ್ಧವನ್ನು ಆಗ ಹೇಳಿದಳು. ಮೊದಲು ಸೊಪ್ಪು, ಆಮೇಲೆ ವಿಷ. ಗೋದಾಬಾಯಿ ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. "ಹಾಗಾದ್ರೆ ಅದು ಔಷಧಿ ಅಲ್ವಲ್ಲೇ, ಊಟ" ಎಂದರು ಅಷ್ಟೆ.

ಆಮೇಲೆ ಅವರೇ ಮುಂದುವರಿಸಿದರು. "ನೀನು ಕೇಳ್ತಿದ್ಯಲ್ಲ, ಏನು ನೋಡಿ ಬೇಡ ಅಂತೀರಿ ಅಂತ. ನೋಡ್ತಿದ್ದಿದ್ದು ನಿದ್ದೆ. ನಿದ್ದೆ, ಮಾತು, ಬಾಯಿ ವಾಸನೆ. ಅದು ಕೆಟ್ರೆ ನಮ್ಮ ಕೈ ಮೀರಿತು ಅಂತ ನಮ್ಮತ್ತೆ ಹೇಳಿದ್ರು. ಅದನ್ನ ಅವರ ಮುಖಕ್ಕೆ ಹೇಗೆ ಹೇಳೋದು? ಕಾಗೆ ಕೂಗಿತು, ದಿಕ್ಕು ಸರಿಯಿಲ್ಲ ಅಂತ ಅದರ ಮೇಲೆ ಹಾಕಿಬಿಡ್ತಿದ್ದೆ."

"ಹಾಗಾದ್ರೆ ಕಾಗೆಯೆಲ್ಲ ನೆಪ?"

"ಎಲ್ಲಾ ನೆಪ ಅಂತ ಹೇಗೆ ಹೇಳಲಿ? ಎಣ್ಣೆ ಬಾಟ್ಲಿ ನೋಡಿದಾಗ ನಿಜವಾಗ್ಲೂ ಹೆದರಿದ್ದೆ." ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. "ಆ ಗುರುವಾರ ಎಷ್ಟು ಕಾದೆ ಗೊತ್ತಾ. ಒಂದು ಕಾಗೆ ಕೂಗ್ಲಿಲ್ಲ. ನನ್ನ ಬಾಯಲ್ಲೇ ಹೇಳ್ಬೇಕಿತ್ತು, ನನ್ನ ಮಗನಿಗೆ."

ಮುಂಬಾಗಿಲಲ್ಲಿ ಯಾರೋ ಕೂಗಿದರು. ಮೈತ್ರೇಯಿ ಕೈ ಒರೆಸಿಕೊಂಡು ಹೋದಳು. ಮೆಟ್ಟಿಲ ಕೆಳಗೆ ಖಾಕಿ ಅಂಗಿಯ ಆಟೋ ಡ್ರೈವರೊಬ್ಬ ನಿಂತಿದ್ದ, ಕೈಯಲ್ಲಿ ಸ್ಟೀಲಿನ ಚೊಂಬು. ಭಾನುವಾರವೂ ಅಲ್ಲ, ಗುರುವಾರವೂ ಅಲ್ಲ.

"ವಾರ ಅಲ್ಲ ಅಂತ ಗೊತ್ತಕ್ಕಾ, ತಡಿಯಕ್ಕಾಗ್ಲಿಲ್ಲ. ನಮ್ಮಾಕೆಗೆ."

"ಹಗಲು ಮಲಗ್ತಾರಾ?"

ಅವನು ಚೊಂಬಿನೊಳಗೆ ನೋಡಿದ. "ಇಲ್ಲಕ್ಕ. ಚೆನ್ನಾಗವ್ಳೆ. ಸ್ವಲ್ಪ ಹಳದಿ ಅಷ್ಟೆ."

"ನಿಜ ಹೇಳಿ."

"ನಿಜಾನೇ ಅಕ್ಕ. ತಾಯಾಣೆ."

ಅವನ ಕಣ್ಣು ಅವಳ ಮುಖದ ಮೇಲೆ ನಿಲ್ಲುತ್ತಿರಲಿಲ್ಲ. "ಇವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ" ಎಂದಳು ಮೈತ್ರೇಯಿ. "ಈಗಲೇ ಹೋಗಿ. ನಿಮ್ಮದೇ ಆಟೋ ಇದೆಯಲ್ಲ."

ಅವನ ಮುಖ ಕಪ್ಪಿಟ್ಟಿತು. "ಆಗಿಬರಲ್ಲ ಅಂತೀರಾ?"

"ಹಾಗಲ್ಲ. ನಾನು ಹೇಳೋದು ಕೇಳಿ. ಅಲ್ಲಿ ಉಳಿಸ್ಕೊಳ್ಳೋದು ಸಾಧ್ಯ ಇರತ್ತೆ."

"ಉಳಿಸ್ಕೊಳ್ಳೋ ಅಷ್ಟು ಏನಾಗಿದೆ ಅವಳಿಗೆ? ನೋಡೇ ಇಲ್ಲ ನೀವು."

"ನೋಡಿಲ್ಲ. ಅದಕ್ಕೇ ಹೋಗಿ ಅಂತಿರೋದು."

ಅವನು ಹಾಲು ತುಳುಕದಂತೆ ಚೊಂಬನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು ಆಟೋ ಎಳೆದು ಸ್ಟಾರ್ಟ್ ಮಾಡಿದ. ಮೈತ್ರೇಯಿ ಗೇಟಿನ ತನಕ ಓಡಿಹೋಗಿ ನೋಡಿದಳು. ಆಸ್ಪತ್ರೆಗೆ ಎಡಕ್ಕೆ ಹೋಗಬೇಕು. ಆಟೋ ಬಲಕ್ಕೆ ತಿರುಗಿತು, ಗವಿಪುರದ ಕಡೆಗೆ. ಅಲ್ಲಿ ಗುಡಿಯ ಹಿಂದಿನ ಬೀದಿಯಲ್ಲಿ ಸೊಪ್ಪು ಕೊಡುವ ಇನ್ನೊಬ್ಬರಿದ್ದಾರೆ; ಅವರು ಯಾರನ್ನೂ ಏನೂ ಕೇಳುವುದಿಲ್ಲ.